ಪದ ಬೇಕು: ‘ಅಬ್ಸಿಡಿಯನ್ ಚಿಟ್ಟೆ’ (ತುರ್ತು, ನಾಳೆ ಮುದ್ರಣಕ್ಕೆ)

ಸ್ನೇಹಿತರೆ,
ಮೆಕ್ಸಿಕೊ ಕಲೆಯ ಪ್ರದರ್ಶನಕ್ಕೆ ಕನ್ನಡ ಫಲಕ ಬರೆಯುತ್ತಿದ್ದೇನೆ. ಚಿತ್ರದಲ್ಲಿರುವುದು ಆಜ್ಟೆಕರ ರಣದೇವತೆ ಇಟ್ಸ್‌ಪಾಪಾಲೊಟ್ಲ್. ತಲೆಬುರುಡೆಯ ಮುಖ, ಜಾಗ್ವಾರ್ ಉಗುರು, ರೆಕ್ಕೆಯ ಅಂಚಿಗೆಲ್ಲ ಕಲ್ಲಿನ ಚೂರಿ. ಹೆಸರಿನ ಅರ್ಥ ಅಬ್ಸಿಡಿಯನ್ ಚಿಟ್ಟೆ. ಅಬ್ಸಿಡಿಯನ್‌ಗೆ ಏನೆನ್ನೋಣ? ಇನ್ನೊಂದು: ಚಿತ್ರ ಇರುವುದು ಕ್ಯಾನ್ವಾಸ್ ಮೇಲೆ, ಬರೆದ ರೀತಿ ಮಾತ್ರ ಮ್ಯೂರಲ್‌ನದು. ‘ಭಿತ್ತಿಚಿತ್ರ ಶೈಲಿ’ ಸಾಕೆ?
— ವಿ.

> ಅಬ್ಸಿಡಿಯನ್‌ಗೆ ಏನೆನ್ನೋಣ?
ಜ್ವಾಲಾಮುಖಿ ಗಾಜು. ಮುಗಿಯಿತು.
— ಕೆ.ಎಸ್.

ಮುಗಿಯಲಿಲ್ಲ. ಗಾಜು ಅಂದರೆ ಬಳೆ, ಕಿಟಕಿ. ‘ಗಾಜಿನ ಚಿಟ್ಟೆ’ ಷೋಕೇಸಿನಲ್ಲಿಡುವ ಗೊಂಬೆಯಾದೀತು. ಆಜ್ಟೆಕ್ ಯೋಧರು ಮರದ ಹಲಗೆಯ ಅಂಚಿಗೆ ಇದೇ ಕಲ್ಲಿನ ಅಲಗು ಕೂರಿಸಿ ಮಕ್ವಾವಿಟ್ಲ್ ಎಂಬ ಆಯುಧ ಮಾಡಿಕೊಂಡಿದ್ದರು. ಹರಿತಕ್ಕೆ ಹಳಗನ್ನಡದಲ್ಲೇ ‘ಕೂರ್’ ಇದೆಯಲ್ಲ, ಕೂರಂಬು, ಕೂರುಗುರು ಎಲ್ಲ ಅದರಿಂದಲೇ. ಕೂರ್ಗಲ್ಲು ಅನ್ನಿ. ಮ್ಯೂರಲ್‌ಗೆ ಗೋಡೆತಿಟ್ಟ, ತಿಟ್ಟ ಅಂದರೆ ಚಿತ್ರ. ಭಿತ್ತಿ ಯಾರ ಮನೆಯಲ್ಲಿದೆ ಸ್ವಾಮಿ? ನಮ್ಮ ಮನೆಗಿರುವುದು ಗೋಡೆ.
— ಮಂ.

ತಿಟ್ಟು ಅಂದರೆ ನಮ್ಮ ಕಡೆ ಯಕ್ಷಗಾನದ ಬಡಗು, ತೆಂಕು. ಗೋಡೆತಿಟ್ಟು ಹೊಸ ಮೇಳವೊ?
ವಿ. ಅವರೆ, ಭಿತ್ತಿಚಿತ್ರವೇ ಇರಲಿ. ಜನ ಓದಿ ಬಲ್ಲ ಪದ. ಆದರೆ ‘ಕ್ಯಾನ್ವಾಸ್ ಮೇಲೆ’ ಅಂತ ಬಿಡಿಸಿ ಬರೆಯಿರಿ, ಇಲ್ಲದಿದ್ದರೆ ಗೋಡೆ ಎಲ್ಲಿ ಅಂತ ಕೇಳುತ್ತಾರೆ.
— ಶ್ರೀ.

ಚಿಟ್ಟೆಯ ಬಗ್ಗೆ ಯಾರೂ ಮಾತಾಡಲಿಲ್ಲ. ಈ ದೇವತೆಯ ಮೂಲ ರಾತ್‌ಷೈಲ್ಡಿಯ ಕುಲದ ಪತಂಗ ಇರಬೇಕು ಎನ್ನುವ ವಿದ್ವಾಂಸರಿದ್ದಾರೆ. ರೇಷ್ಮೆಪತಂಗದ ಬಳಗ, ರೆಕ್ಕೆಯಲ್ಲಿ ಕಿಟಕಿಯಂಥ ಪಾರದರ್ಶಕ ಭಾಗಗಳು. ಇರುಳಲ್ಲಿ ಹಾರುವ ಪತಂಗ ಈ ಬುರುಡೆಮುಖಕ್ಕೆ ಚಿಟ್ಟೆಗಿಂತ ಚೆನ್ನಾಗಿ ಒಪ್ಪುತ್ತದೆ.
— ಗೀ.

ಪತಂಗ ಸಂಸ್ಕೃತ.
— ಮಂ.

ಅಷ್ಟೆಲ್ಲ ಯಾಕೆ, ‘ಆಜ್ಟೆಕರ ಚಾಮುಂಡಿ’ ಅಂದರೆ ಒಂದೇ ಪದದಲ್ಲಿ ಎಲ್ಲರಿಗೂ ತಿಳಿಯುತ್ತದೆ.
— ಕೆ.ಎಸ್.

ತಿಳಿಯುವುದು ಚಾಮುಂಡಿ, ಇಟ್ಸ್‌ಪಾಪಾಲೊಟ್ಲ್ ಅಲ್ಲ. ಹೆರಿಗೆಯಲ್ಲಿ ಸತ್ತ ಹೆಂಗಸಿಗೆ ರಣದಲ್ಲಿ ಮಡಿದ ಯೋಧನ ಗೌರವ ಕೊಟ್ಟ ಜನ ಅವರು. ಆ ಸತ್ತ ತಾಯಂದಿರಿಗೂ ಈ ದೇವತೆಗೂ ನಂಟಿದೆ. ಮಹಿಷನ ಕಥೆಯನ್ನು ಅದರ ಮೇಲೆ ಹೊದಿಸಿದರೆ ಇದೆಲ್ಲ ಮುಚ್ಚಿಹೋಗುತ್ತದೆ. ಹೆಸರನ್ನು ಹಾಗೇ ಬಿಡಿ.
— ಗೀ.

ಹಾಗೇ ಬಿಡಬೇಕಂತೆ! ನಾಲಗೆ ಹೊರಳದ ‘ಟ್ಲ್’ ಕನ್ನಡಕ್ಕೆ ಯಾಕೆ? ಇಟ್ಟಪಾಪಲ ಅಂತ ಒಗ್ಗಿಸಿಕೊಳ್ಳಿ. ಎರವಲು ತಂದದ್ದನ್ನು ಮೆತ್ತಗೆ ಮಾಡಿಕೊಳ್ಳುವುದು ಭಾಷೆಯ ಧರ್ಮ.
— ಮಂ.

ಇವತ್ತು ಸಾರಿಗೆ ಹಾಕಿದ ಟೊಮೆಟೊ ಅವರದೇ ನಹುವಾಟ್ಲ್ ಭಾಷೆಯ ‘ತೊಮತ್ಲ್’. ಸ್ಪ್ಯಾನಿಷರ ಬಾಯಲ್ಲೇ ಮೆತ್ತಗಾಗಿ ಬಂತು, ನಿಮ್ಮ ಅಪ್ಪಣೆಗೆ ಕಾಯಲಿಲ್ಲ.
— ಶ್ರೀ.

ಎಲ್ಲರಿಗೂ ವಂದನೆ. ಮುದ್ರಕರು ಎರಡು ಸಲ ಫೋನ್ ಮಾಡಿದರು, ಹೀಗೆ ಕಳಿಸಿದೆ: “ಇಟ್ಸ್‌ಪಾಪಾಲೊಟ್ಲ್. ಹೆಸರಿನ ಅರ್ಥ ‘ಅಬ್ಸಿಡಿಯನ್ ಚಿಟ್ಟೆ’. ಅಬ್ಸಿಡಿಯನ್ ಎಂದರೆ ಚೂರಿಯಂತೆ ಹರಿತವಾಗಿ ಒಡೆಯುವ, ಜ್ವಾಲಾಮುಖಿಯ ಕಪ್ಪು ಗಾಜುಗಲ್ಲು. ಭಿತ್ತಿಚಿತ್ರದ ಶೈಲಿಯಲ್ಲಿ, ಕ್ಯಾನ್ವಾಸ್ ಮೇಲೆ.”
— ವಿ.

ಗಾಜೂ ಇದೆ, ಕಲ್ಲೂ ಇದೆ, ಭಿತ್ತಿಯೂ ಇದೆ. ಮತ್ತೆ ನಮ್ಮನ್ನು ಕೇಳಿದ್ದೇಕೆ?
— ಮಂ.