ಅತ್ತಿಗೆ, ಬಾಟ್ಲಿ ವಾಪಸ್ ಕೊಡಬೇಡಿ, ಮೊದಲು ಇದನ್ನ ಕೇಳಿ

ಅತ್ತಿಗೆ, ನಿಮ್ಮ ಮೆಸೇಜು ಈಗ ನೋಡಿದೆ. ಟೈಪ್ ಮಾಡೋಕೆ ಕೂತ್ರೆ ಮುಗಿಯಲ್ಲ ಅಂತ ಮಾತಾಡಿ ಕಳಿಸ್ತಿದೀನಿ, ಸ್ವಲ್ಪ ಉದ್ದ ಆಗುತ್ತೆ. ಎರಡು ವರ್ಷದಿಂದ ದಿನಾ ಹಾಕ್ತಿರೋ ಪರ್ಫ್ಯೂಮು, ಹೊಸ ಬಾಟ್ಲಿ ತಂದ್ರೂ ಅರ್ಧ ಗಂಟೆಗೆಲ್ಲ ವಾಸನೇನೇ ಇಲ್ಲ, ನಕಲಿ ಇರಬೇಕು, ವಾಪಸ್ ಕೊಡ್ಲಾ ಅಂತ ಕೇಳಿದೀರಲ್ಲ. ತಡೀರಿ. ಹಾಕ್ಕೊಂಡು ಎರಡು ಗಂಟೆ ಆದ್ಮೇಲೆ ಯಾರನ್ನಾದ್ರೂ ಕೇಳಿ, ಘಮ ಬರ್ತಿದೆಯಾ ಅಂತ. ಅಣ್ಣನ್ನ ಮಾತ್ರ ಕೇಳಬೇಡಿ, ಅವನ ಮೂಗಿಗೂ ಅದು ರೂಢಿಯಾಗಿರುತ್ತೆ. ಹೊರಗಿಂದ ಬಂದವರನ್ನೇ ಕೇಳಿ. ಅವರಿಗೆ ಬರ್ತಿದೆ ಅಂದ್ರೆ ಬಾಟ್ಲಿ ಸರಿ ಇದೆ, ದಣಿದಿರೋದು ನಿಮ್ಮ ಮೂಗು.

ಅರ್ಧ ಗಂಟೆಯಲ್ಲಿ ಸ್ವಲ್ಪ ತಗ್ಗೋದು ಸಹಜಾನೇ, ಹಗುರವಾದ ಅಂಶಗಳು ಮೊದಲು ಹಾರಿಹೋಗ್ತವೆ. ಆದ್ರೆ ಪೂರ್ತಿ ಮಾಯ ಆಯ್ತು ಅನ್ನಿಸೋದು ಬೇರೆ ವಿಷಯ. ನಮ್ಮ ಮೂಗಲ್ಲಿ ವಾಸನೆ ಹಿಡಿಯೋ ಗ್ರಾಹಕಗಳು ಸುಮಾರು 400 ಬಗೆ ಇವೆ. ಅವುಗಳ ಜೀನ್‌ಗಳನ್ನ 1991ರಲ್ಲಿ ಲಿಂಡಾ ಬಕ್, ರಿಚರ್ಡ್ ಆಕ್ಸೆಲ್ ಅಂತ ಇಬ್ಬರು ವಿಜ್ಞಾನಿಗಳು ಕಂಡುಹಿಡಿದ್ರು, 2004ರಲ್ಲಿ ನೊಬೆಲ್ ಬಂತು. ಒಂದೇ ವಾಸನೆ ಬಿಡದೆ ಬಡೀತಾ ಇದ್ರೆ ಆ ಗ್ರಾಹಕ ಇರೋ ಕೋಶದ ಒಳಗೆ ಕ್ಯಾಲ್ಸಿಯಂ ಏರಿ, ಅದು ಕಳಿಸೋ ಸುದ್ದಿ ತಗ್ಗಿಬಿಡುತ್ತೆ. ಮೇಲಿಂದ ಮೆದುಳೂ ಇದು ಹಳೇದು ಬಿಡು ಅಂತ ಗಮನ ಕೊಡೋದು ನಿಲ್ಲಿಸುತ್ತೆ. ಅದು ಹಾಗೆ ಮಾಡದೇ ಇದ್ರೆ ಹೊಸದಾಗಿ ಹೊಗೆ ಬಂದ್ರೆ, ಗ್ಯಾಸ್ ಸೋರಿದ್ರೆ ನಮಗೆ ಹೇಗೆ ಗೊತ್ತಾಗ್ಬೇಕು ಹೇಳಿ? ಹಂಗಾಗಿ ಇದು ಕಾಯಿಲೆ ಅಲ್ಲ.

ನನಗೆ ನಿಜವಾಗಿ ಭಯ ಇರೋದು ಯಾವುದಕ್ಕೆ ಅಂದ್ರೆ, ನೀವು ಇನ್ನೂ ಜಾಸ್ತಿ ಹೊಡ್ಕೋತೀರಿ ಅಂತ. ನಾನೂ ಅದನ್ನೇ ಮಾಡಿದ್ದೆ. ಎರಡು ಸಲ ಹೊಡ್ಕೋತಿದ್ದಿದ್ದು ಆರಕ್ಕೆ ಹೋಯ್ತು, ನನಗೆ ಮಾತ್ರ ಏನೂ ಗೊತ್ತಾಗ್ತಿರಲಿಲ್ಲ. ಒಂದಿನ ಕಾರಲ್ಲಿ ಜೊತೆಗಿದ್ದವರು ತಲೆ ಹಿಡ್ಕೊಂಡು ಕಿಟಕಿ ಇಳಿಸಿದ್ರು. ಅವರಿಗೆ ಮೈಗ್ರೇನ್ ಇತ್ತು. ಆ ಮುಖ ನನಗೆ ಇವತ್ತಿಗೂ ಮರೆತಿಲ್ಲ ಅತ್ತಿಗೆ. ಆವತ್ತೇ ನಿಲ್ಲಿಸಿದೆ.

ನೀವೂ ಹತ್ತು ಹದಿನೈದು ದಿನ ನಿಲ್ಲಿಸಿ. ಒಂದು ಗಳಿಗೆಯ ದಣಿವಾದ್ರೆ ಹೊರಗಿನ ಗಾಳಿಗೆ ನಿಂತ್ರೆ ಹೋಗುತ್ತೆ. ಕಾಫಿ ಬೀಜ ಮೂಸಿ ಅಂತಾರಲ್ಲ, ಅದು ಬರೀ ಗಾಳಿಗಿಂತ ಹೆಚ್ಚೇನೂ ಮಾಡಲ್ಲ. ತಿಂಗಳುಗಟ್ಟಲೆ ಕೂತಿರೋ ರೂಢಿ ಬಿಡಬೇಕಾದ್ರೆ ಮಾತ್ರ ದಿನಗಳೇ ಬೇಕು. ಪರ್ಫ್ಯೂಮ್ ಬಿಟ್ಟು ಘಮಘಮ ಲೋಷನ್ನು, ರೂಮ್ ಫ್ರೆಶ್ನರ್ ಇಟ್ಕೊಂಡ್ರೆ ಮೂಗಿಗೆ ಎಲ್ಲಿ ಬಿಡುವು? ಅವೂ ಬೇಡ. ಸ್ಕಾರ್ಫು, ಕೋಟು ಒಗೆದುಬಿಡಿ, ಬಟ್ಟೇಲಿ ಹಳೇ ವಾಸನೆ ದಿನಗಟ್ಟಲೆ ಕೂತಿರುತ್ತೆ. ಬಾಟ್ಲೀನ ಬಿಸಿಲು ಬೀಳದ ಕಡೆ ಎತ್ತಿಡಿ, ಕೆಡಲ್ಲ.

ಹಾಂ, ಇನ್ನೊಂದು, ಇದು ಮುಖ್ಯ. ಸೋಪು, ಅಡುಗೆ, ಇಂಥವುಗಳ ವಾಸನೇನೂ ಬರ್ತಿಲ್ವಾ? ಹಂಗಿದ್ರೆ ಇದು ರೂಢಿಯ ಮಾತಲ್ಲ, ತಡ ಮಾಡದೆ ಇಎನ್‌ಟಿ ಡಾಕ್ಟರ್ ಹತ್ರ ಹೋಗಿ.

ಮತ್ತೆ ಶುರು ಮಾಡೋವಾಗ ಕುತ್ತಿಗೆ ಮುಂದೆ ಬೇಡ, ಅದು ಮೂಗಿನ ಕೆಳಗೇ ಇರುತ್ತೆ. ಕತ್ತಿನ ಹಿಂದೆ ಒಂದೇ ಸಲ ಸಾಕು. ದಿನಾನೂ ಬೇಡ. ಆ ಮೊದಲ ದಿನ ಹೇಗನ್ನಿಸ್ತು ಅಂತ ಇಲ್ಲೇ ಒಂದು ಮೆಸೇಜ್ ಹಾಕಿ ಅತ್ತಿಗೆ, ನಾನು ಕಾಯ್ತಿರ್ತೀನಿ.