ಬಿಳಿ ದೆವ್ವ ಕೇಸರಿಯಾಗಿದ್ದೇಕೆ? ಹ್ಯಾಲೊವೀನ್ ಸಾಬೂನಿನ ಪ್ರಶ್ನೋತ್ತರ

ಪ್ರಶ್ನೆ (ಟಿಳಕವಾಡಿ, ಬೆಳಗಾವಿ): ನಮಸ್ಕಾರ ಅಕ್ಕ. ಅಕ್ಟೋಬರ್ 31ಕ್ಕೆ ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳು ಹ್ಯಾಲೊವೀನ್ ಆಚರಿಸುತ್ತಾರೆ. ಬಂದವರ ಕೈಗೆ ಒಂದೊಂದು ಸಾಬೂನು ಕೊಡೋಣವೆಂದು ಗ್ಲಿಸರಿನ್ ಸೋಪ್ ಬೇಸ್ (ಕರಗಿಸಿ ಅಚ್ಚಿಗೆ ಹೊಯ್ಯುವ ಸಿದ್ಧ ಸಾಬೂನು ಗಟ್ಟಿ) ತಂದು ಕರಗಿಸಿದೆ. ಕುಂಬಳಕಾಯಿಯ ಬಣ್ಣಕ್ಕೆಂದು ಅರಿಶಿನ ಹಾಕಿದರೆ ಇಟ್ಟಿಗೆ ಬಣ್ಣವಾಯಿತು. ಎರಡನೇ ಸಲ ಅಡುಗೆಯ ಕೇಸರಿ ಬಣ್ಣ ಹಾಕಿದೆ; ಮರುದಿನ ನೋಡಿದರೆ ಪಕ್ಕದ ಬಿಳಿ ದೆವ್ವವೂ ಕೇಸರಿ! ಅಚ್ಚಿನಿಂದ ತೆಗೆಯುವಾಗ ಕಪ್ಪು ಪದರ ಇಡಿಯಾಗಿ ಕಳಚಿಕೊಂಡಿತು. ಮೇಲೆಲ್ಲ ನೀರ ಹನಿ ಬೇರೆ. ಎಲ್ಲಿ ತಪ್ಪಿದೆ?

ಉತ್ತರ: ತಂಗಿ, ಅರಿಶಿನಕ್ಕೆ ಸುಣ್ಣ ಕೂಡಿಸಿ ಕುಂಕುಮ ಮಾಡುವುದನ್ನು ಹಿರಿಯರಿಂದ ಕೇಳಿರುತ್ತೀರಿ. ಸಾಬೂನೂ ಕ್ಷಾರಗುಣದ್ದೇ, ನಿಮ್ಮ ಪಾತ್ರೆಯಲ್ಲಿ ನಡೆದದ್ದೂ ಅದೇ. ಅಡುಗೆಯ ಬಣ್ಣ ನೀರಿನಲ್ಲಿ ಕರಗುವಂಥದು; ಸಾಬೂನು ಗಟ್ಟಿಯಾದ ಮೇಲೂ ಪಕ್ಕದ ಪದರಕ್ಕೆ ಇಳಿಯುತ್ತದೆ. ಸೌಂದರ್ಯವರ್ಧಕಗಳಿಗೆಂದೇ ಮಾರುವ ಮೈಕಾ (ಅಭ್ರಕದ) ಬಣ್ಣದ ಪುಡಿಯನ್ನೋ ಐರನ್ ಆಕ್ಸೈಡ್ ಎಂಬ ಬಣ್ಣದ ಪುಡಿಯನ್ನೋ ತನ್ನಿ, ಅವು ಹಾಕಿದಲ್ಲೇ ನಿಲ್ಲುತ್ತವೆ. ರಂಗೋಲಿ ಬಣ್ಣವನ್ನು ಮಾತ್ರ ಖಂಡಿತ ಮುಟ್ಟಬೇಡಿ, ಇದು ಮಕ್ಕಳ ಚರ್ಮದ ಮಾತು. ಕಪ್ಪಿಗೆ ಆಕ್ಟಿವೇಟೆಡ್ ಇದ್ದಿಲಿನ ಪುಡಿ ಅರ್ಧ ಕಿಲೋ ಬೇಸಿಗೆ ಅರ್ಧ ಚಮಚ ಸಾಕು. ಹೆಚ್ಚಾದರೆ ನೊರೆಯೂ ಕಪ್ಪು, ಟವೆಲ್ಲೂ ಕಪ್ಪು. ಮೊದಲು ಸ್ವಲ್ಪ ಗ್ಲಿಸರಿನ್‌ನಲ್ಲಿ ಕಲಸಿಕೊಳ್ಳಿ, ಗಂಟು ಕಟ್ಟುವುದಿಲ್ಲ.

ಪದರ ಬಿಡುವುದು ಬಿಸಿಯ ಅಂದಾಜು ತಪ್ಪಿದ್ದರಿಂದ. ಮೊದಲು ಹೊಯ್ದದ್ದರ ಮೇಲೆ ಹಾಲಿನ ಕೆನೆಯಂತೆ ಪೊರೆ ಕಟ್ಟುತ್ತದೆ. ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ: ಪೊರೆ ಹರಿಯಬಾರದು, ಒಳಗೆ ಇನ್ನೂ ಬೆಚ್ಚಗಿರಬೇಕು. ಆಗ ಪದರಗಳು ಅಂಟಿಕೊಳ್ಳಲೆಂದು ಐಸೊಪ್ರೊಪೈಲ್ ಆಲ್ಕೋಹಾಲ್ (ಒಂದು ಬಗೆಯ ಸ್ಪಿರಿಟ್) ಸಿಂಪಡಿಸಿ, 50ರಿಂದ 55 ಡಿಗ್ರಿಗೆ ಇಳಿದ ಎರಡನೇ ಬಣ್ಣವನ್ನು ಹೊಯ್ಯಿರಿ. ಗುಳ್ಳೆಗಳೂ ಆ ಆಲ್ಕೋಹಾಲ್‌ನಿಂದಲೇ ಒಡೆಯುತ್ತವೆ. ಅದು ಥಟ್ಟನೆ ಬೆಂಕಿ ಹಿಡಿಯುವ ವಸ್ತು. ಒಲೆ ಆರಿಸಿದ ಮೇಲೆಯೇ ಬಾಟಲಿ ಕೈಗೆತ್ತಿಕೊಳ್ಳಿ. ಬೇಸ್ ಕರಗಿಸಲು ಬಿಸಿನೀರಿನ ಪಾತ್ರೆಯಲ್ಲಿ ಇನ್ನೊಂದು ಪಾತ್ರೆ ಇಟ್ಟರಾಯಿತು, ಬೇಸ್ ಕುದಿಯಬಾರದು.

ನೀರ ಹನಿ ಸಾಬೂನಿನದಲ್ಲ, ಬೆಳಗಾವಿಯ ಗಾಳಿಯದು. ಗ್ಲಿಸರಿನ್ ತೇವವನ್ನು ಎಳೆದುಕೊಳ್ಳುತ್ತದೆ. ಅಚ್ಚಿನಿಂದ ತೆಗೆದ ಕೂಡಲೇ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿಡಿ. ಬೇಗ ಗಟ್ಟಿಯಾಗಲೆಂದು ಫ್ರಿಜ್‌ನಲ್ಲಿಡಬೇಡಿ, ಹೊರತೆಗೆದಾಗ ಇನ್ನಷ್ಟು ಬೆವರುತ್ತದೆ.

ಪ್ರಶ್ನೆ: ಫ್ರಿಜ್‌ನಲ್ಲೇ ಇಟ್ಟಿದ್ದೆ ಅಕ್ಕ! ಪಾರದರ್ಶಕ ಸಾಬೂನಿನೊಳಗೆ ಪ್ಲಾಸ್ಟಿಕ್ ಜೇಡ ಇಡಬಹುದೇ? ಮೂರು ವರ್ಷದ ಮಕ್ಕಳೂ ಇದ್ದಾರೆ.

ಉತ್ತರ: ಹಾಗಿದ್ದರೆ ಬೇಡವೇ ಬೇಡ. ಸಾಬೂನು ಸವೆದ ದಿನ ಜೇಡ ಹೊರಬರುತ್ತದೆ, ಚಿಕ್ಕವರು ಅದನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಕಪ್ಪು ಸಾಬೂನನ್ನೇ ತಟ್ಟೆಯಲ್ಲಿ ತೆಳ್ಳಗೆ ಹೊಯ್ದು, ಆರಿದ ಮೇಲೆ ಜೇಡದ ಆಕಾರಕ್ಕೆ ಕತ್ತರಿಸಿ ಒಳಗಿಡಿ. ಕಾಲುಗಳನ್ನು ತುಸು ದಪ್ಪಗೇ ಬಿಡಿ. ಎಳೆಯಷ್ಟು ಸಣ್ಣಗಿದ್ದರೆ ಮೇಲೆ ಹೊಯ್ಯುವ ಬಿಸಿಗೆ ಕರಗಿಹೋಗುತ್ತವೆ.