ಆಫೀಸಿನ ವೈಫೈ ನನ್ನ ತಲೆಗೆ ಬಿದ್ದಿದೆ, ನಿಮ್ಮ ಅನುಭವ ಹೇಳಿ

ಹೊಸ ಹೊಣೆ: 60 ಜನ, ಎರಡು ಮಹಡಿ. ಎಲ್ಲರಿಗೂ ಒಂದೇ ಪಾಸ್‌ವರ್ಡ್. ಕೆಲಸ ಬಿಟ್ಟು ಹೋದವರಿಗೂ ಅದು ಗೊತ್ತು. ಮಧ್ಯಾಹ್ನವಾದರೆ ವಿಡಿಯೊ ಕಾಲ್ ತಡವರಿಸುತ್ತದೆ. ನೀವೆಲ್ಲ ಏನು ಮಾಡಿದಿರಿ?

ರಾತ್ರಿಪಾಳಿ: ಒಬ್ಬೊಬ್ಬರಿಗೂ ಬೇರೆ ಲಾಗಿನ್ ಕೊಡಿ, ಬೇರೆ ಮಾತೇ ಇಲ್ಲ. ನಾನು ರೇಡಿಯಸ್ ಸರ್ವರ್ ಹಾಕಿದೆ, ಅಂದರೆ ಒಬ್ಬೊಬ್ಬರ ಗುರುತು ನೋಡಿ ವೈಫೈ ಒಳಗೆ ಬಿಡುವ ಸರ್ವರ್. 83 ಲ್ಯಾಪ್‌ಟಾಪ್, 11 ರಾತ್ರಿ. ಒಂದೊಂದಕ್ಕೂ ಸರ್ಟಿಫಿಕೇಟ್ (ಡಿಜಿಟಲ್ ಗುರುತಿನ ಚೀಟಿ) ತುಂಬಿಸಿದವನು ನಾನೇ. ಒಂದು ವರ್ಷ ಚೆನ್ನಾಗಿ ನಡೆಯಿತು. ಆಮೇಲೊಂದು ಸೋಮವಾರ ಬೆಳಿಗ್ಗೆ 9ಕ್ಕೆ ಯಾರಿಗೂ ನೆಟ್ ಇಲ್ಲ. ಸರ್ವರ್‌ನ ಸರ್ಟಿಫಿಕೇಟ್ ಅವಧಿ ಹಿಂದಿನ ರಾತ್ರಿ ಮುಗಿದಿತ್ತು. ನೆನಪಿಸುವ ಮೇಲ್ ಬಂದಿತ್ತು, ಆದರೆ ಕೆಲಸ ಬಿಟ್ಟವನ ವಿಳಾಸಕ್ಕೆ! 4 ಗಂಟೆ 20 ನಿಮಿಷ ಬೈಸಿಕೊಂಡೆ. ಆದರೂ ಬಿಟ್ಟಿಲ್ಲ. ಯಾರಾದರೂ ಹೋದರೆ ಅವರ ಅಕೌಂಟ್ ಮುಚ್ಚಿದರಾಯಿತು, ಉಳಿದವರಿಗೆ ಗೊತ್ತೂ ಆಗುವುದಿಲ್ಲ.

ಹಳೇ ಕೈ: ಅಷ್ಟೆಲ್ಲ ಯಾಕ್ರೀ? ನೆಟ್‌ವರ್ಕ್ ಹೆಸರು ಮರೆಮಾಡಿ, ಮ್ಯಾಕ್ ಪಟ್ಟಿ ಹಾಕಿ, ಅಂದರೆ ಒಂದೊಂದು ಯಂತ್ರದ ಗುರುತಿನ ಸಂಖ್ಯೆ ಬರೆದು ಅವನ್ನಷ್ಟೇ ಒಳಗೆ ಬಿಡಿ. ನಾನು 140 ವಿಳಾಸ ಕೈಯಾರೆ ಟೈಪ್ ಮಾಡಿದ್ದೇನೆ. ಆರು ವರ್ಷದಿಂದ ಒಬ್ಬ ಕಳ್ಳನೂ ಬಂದಿಲ್ಲ.

ಚಾನೆಲ್ 11: ಬಂದಿಲ್ಲ ಅಂತ ನಿಮಗೆ ಹೇಗೆ ಗೊತ್ತು ಸ್ವಾಮಿ? ಹೆಸರು ಮುಚ್ಚಿಟ್ಟರೆ ನಿಮ್ಮವರ ಫೋನ್‌ಗಳೇ ಹೋದಲ್ಲೆಲ್ಲ ಆ ಹೆಸರು ಹಿಡಿದು ಕೂಗುತ್ತವೆ. ಮ್ಯಾಕ್ ವಿಳಾಸ ಗಾಳಿಯಲ್ಲಿ ಬಟಾಬಯಲು, ನಕಲು ಮಾಡುವುದು ಎರಡು ನಿಮಿಷದ ಕೆಲಸ. 2020ರಲ್ಲಿ ಐಒಎಸ್ 14 ಬಂದ ಮೇಲೆ ಐಫೋನ್ ಒಂದೊಂದು ನೆಟ್‌ವರ್ಕ್‌ಗೆ ಒಂದೊಂದು ಮ್ಯಾಕ್ ತೋರಿಸುತ್ತದೆ. ನಿಮ್ಮ ಪಟ್ಟಿ ಯಾವ ಕಾಲದ್ದು?

ವೇಗದ ವಿಷಯ ನನ್ನ ಹೊಟ್ಟೆ ಉರಿಸಿದ್ದು. 4 ಎಪಿ (ವೈಫೈ ಸಿಗ್ನಲ್ ಬಿಡುವ ಪೆಟ್ಟಿಗೆ) ಸಾಲದು ಅಂತ 9 ಮಾಡಿಸಿದೆ. ಎಲ್ಲಕ್ಕೂ ಫುಲ್ ಪವರ್, 5 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ ಒಂದೊಂದೂ 80 ಮೆಗಾಹರ್ಟ್ಸ್ ಅಗಲ. ಇನ್ನೂ ಹದಗೆಟ್ಟಿತು. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಗದ ಚಾನೆಲ್ 1, 6, 11 ಅಷ್ಟೇ. ಮೂರು ದಾರಿಗೆ ಒಂಬತ್ತು ಗಾಡಿ ನುಗ್ಗಿಸಿದರೆ ಸರದಿ ಕಾಯುವುದೇ ಕೆಲಸ. ಮೂರು ಕಿತ್ತೆ, ಪವರ್ ಇಳಿಸಿದೆ, ಅರ್ಧದಷ್ಟು 2.4 ರೇಡಿಯೊ ಆಫ್ ಮಾಡಿದೆ, 5ರಲ್ಲಿ ಅಗಲ 20ಕ್ಕೆ ತಂದೆ. ಅಂದೇ ಸರಿಹೋಯಿತು. ಕಿತ್ತ ಮೂರು ಪೆಟ್ಟಿಗೆ ಇನ್ನೂ ನನ್ನ ಮೇಜಿನ ಕೆಳಗಿವೆ. ಕಾಲಿಗೆ ತಾಗಿದಾಗಲೆಲ್ಲ ಸಿಟ್ಟು ಬರುತ್ತದೆ.

ಹಳೇ ಕೈ: ನಾನು ಈ ಕೆಲಸ ಶುರು ಮಾಡಿದಾಗ ವೆಪ್ ಅನ್ನುವ ಹಳೇ ವೈಫೈ ಬೀಗ ಇತ್ತು ರೀ. ನಮಗೇ ಪಾಠ ಹೇಳಬೇಡಿ.

ಚಾನೆಲ್ 11: ವೆಪ್ ಮುರಿದಿದ್ದು 2001ರಲ್ಲಿ. ಹೆಮ್ಮೆಪಡುವ ವಿಷಯ ಅಲ್ಲ ಅದು.

ಕೇಬಲ್ ಭಕ್ತೆ: ಜಗಳ ಸಾಕು ಮಾರಾಯ್ರೇ. ಮೇಜು ಬಿಟ್ಟು ಏಳದ ಯಂತ್ರಕ್ಕೆ ವೈಫೈ ಯಾಕೆ? ನಾನು 34 ಮೇಜಿಗೆ ಕೇಬಲ್ ಎಳೆಸಿದೆ. ಎರಡು ಶನಿವಾರ, ಎರಡು ಭಾನುವಾರ. ಧೂಳಿಗೆ ಎಲ್ಲರ ಬೈಗುಳ. ಈಗ ಗಾಳಿಯೆಲ್ಲ ಫೋನ್‌ಗಳಿಗೆ, ಅತಿಥಿಗಳಿಗೆ ಬೇರೆ ವಿಲ್ಯಾನ್, ಅಂದರೆ ನಮ್ಮದರಿಂದ ಬೇರ್ಪಡಿಸಿದ ನೆಟ್‌ವರ್ಕ್.

ಇಷ್ಟಾದರೂ ಮೀಟಿಂಗ್ ರೂಮಿನ ಎಪಿ ದಿನಕ್ಕೆರಡು ಸಲ ಬೇರೆ ಚಾನೆಲ್‌ಗೆ ಹಾರುತ್ತಿತ್ತು, ಕಾಲ್ ಕಟ್. ಎರಡು ತಿಂಗಳಲ್ಲಿ ಸ್ವಿಚ್ ಬದಲಿಸಿದೆ, ಎಪಿಯನ್ನೂ ಬದಲಿಸಿದೆ. ಕೊನೆಗೆ ಲಾಗ್ ಓದಿದರೆ ‘ರೇಡಾರ್ ಕಂಡಿದೆ’ ಅಂತ! ಚಾನೆಲ್ 100, ರೇಡಾರ್ ಜೊತೆ ಹಂಚಿಕೊಳ್ಳಬೇಕಾದ ಜಾಗ, ಹೆಸರು ಡಿಎಫ್‌ಎಸ್. ರೇಡಾರ್ ಸುಳಿವು ಸಿಕ್ಕರೆ ಜಾಗ ಬಿಡಬೇಕು, 30 ನಿಮಿಷ ವಾಪಸ್ ಬರುವಂತಿಲ್ಲ. ನಿಜವಾದ ರೇಡಾರೋ, ಎಪಿಯ ಭ್ರಮೆಯೋ, ದೇವರಿಗೇ ಗೊತ್ತು. 36ಕ್ಕೆ ಹಾಕಿದೆ, ನಿಂತಿತು. ಲಾಗ್ ಮೊದಲೇ ಓದಬಾರದಿತ್ತಾ ಅಂತ ಕೇಳಬೇಡಿ.

ರಾತ್ರಿಪಾಳಿ: ಓದಬಾರದಿತ್ತಾ?

ಕೇಬಲ್ ಭಕ್ತೆ: ಸರ್ಟಿಫಿಕೇಟ್ ತಾರೀಕು ಮರೆತವರು ಕೇಳುವ ಪ್ರಶ್ನೆಯಾ ಇದು?

ಹೊಸ ಹೊಣೆ: ನಮ್ಮದು ಬಾಡಿಗೆ ಕಟ್ಟಡ, ಗೋಡೆ ಕೊರೆಯುವಂತಿಲ್ಲ. ಹೊಸ ವೈಫೈ ಬೀಗ ಡಬ್ಲ್ಯುಪಿಎ3 ಮಾತ್ರ ಹಾಕಿದರೆ ಸಾಕಾಗುತ್ತದಾ?

ರಾತ್ರಿಪಾಳಿ: ಹಾಕಿ ನೋಡಿದ್ದೇನೆ. ಹಳೇ ಪ್ರಿಂಟರ್ ಕನೆಕ್ಟ್ ಆಗಲೇ ಇಲ್ಲ. ಅದೊಂದಕ್ಕೋಸ್ಕರ ಡಬ್ಲ್ಯುಪಿಎ2 ಇರುವ ಇನ್ನೊಂದು ನೆಟ್‌ವರ್ಕ್ ಇಟ್ಟೆ.

ಹಳೇ ಕೈ: ಆ ಪ್ರಿಂಟರ್‌ಗೆ ಮ್ಯಾಕ್ ಪಟ್ಟಿ ಹಾಕಿದ್ದೀರಾ?

ರಾತ್ರಿಪಾಳಿ: ...ಹಾಕಿದ್ದೇನೆ.

ಹಳೇ ಕೈ: ಹಾಂ!

ಚಾನೆಲ್ 11: ಅದು ಬೇರೆ ವಿಷಯ. ಅಲ್ಲಿ ಬೇರೆ ಬೀಗವೂ ಇದೆ.

ಕೇಬಲ್ ಭಕ್ತೆ: ಪ್ರಿಂಟರ್‌ಗೆ ಒಂದು ಕೇಬಲ್ ಹಾಕಿ ಅಂದೆ, ಯಾರಾದರೂ ಕೇಳಿದರಾ?